ಕಾಗದವಿಲ್ಲದ ವಿದ್ಯಾರ್ಥಿಗೆ ಕಾಲೇಜಿನಲ್ಲೊಂದು ಕೋಣೆ

ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ಕಾಲೇಜುಗಳಲ್ಲಿ ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಹೊಸ ಬಗೆಯ ಒಂದು ಕಚೇರಿ ಕಾಣಿಸಿಕೊಂಡಿದೆ. ಒಂದು ಕೋಣೆ, ನಾಲ್ಕಾರು ಮೇಜು ಕುರ್ಚಿ, ಸಂಬಳದ ಮೇಲೆ ಒಬ್ಬಿಬ್ಬರು ನೌಕರರು, ಎರವಲು ಕೊಡುವ ಪಠ್ಯಪುಸ್ತಕಗಳು, ಆಗಾಗ ಬಂದು ಕೂರುವ ಒಬ್ಬ ವಕೀಲ. ನೋಡುವುದಕ್ಕೆ ಇಷ್ಟೇ. ಆದರೆ ಈ ಕೋಣೆ ಇರುವುದು ಆ ದೇಶದಲ್ಲಿ ನೆಲೆಸಲು ಸರಕಾರದ ಕಾಗದವಿಲ್ಲದ ವಿದ್ಯಾರ್ಥಿಗಳಿಗಾಗಿ. ಅವರನ್ನು ಕಾನೂನು ಮುರಿದವರೆಂದು ಕರೆಯುವ ಪಕ್ಷದ ಕಣ್ಣಿಗೆ ಈ ಕೋಣೆ ಮುಳ್ಳಾಗಿದೆ. ಕಾಲೇಜಿನ ಆಡಳಿತದವರಲ್ಲೂ ಅಂಜುವವರಿದ್ದಾರೆ. ಇಂಥ ಕೋಣೆ ಪ್ರತಿಯೊಂದು ಕಾಲೇಜಿನಲ್ಲೂ ಇರಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅದು ಹೇಗಿರಬೇಕು ಎಂಬುದರ ಬಗ್ಗೆಯೂ ನಮಗೆ ನಾಲ್ಕು ಮಾತು ಹೇಳುವುದಿದೆ.

ಸಮುದ್ರದಾಚೆಯ ಈ ಜಗಳ ನಮಗೇಕೆ ಎಂದು ಕೇಳುವ ಓದುಗರಿರಬಹುದು. ಅವರಿಗೆ ನಮ್ಮ ಉತ್ತರ ಎರಡು. ಮೊದಲನೆಯದು, ಆ ದೇಶದಲ್ಲಿ ಕಾಗದವಿಲ್ಲದೆ ಬದುಕುವ ಒಂದು ಕೋಟಿಗೂ ಹೆಚ್ಚು ಜನರಲ್ಲಿ ನಮ್ಮವರೂ ಇದ್ದಾರೆ. ಪ್ಯೂ ಸಂಶೋಧನಾ ಕೇಂದ್ರವು 2021ಕ್ಕೆ ಮಾಡಿದ ಅಂದಾಜಿನಂತೆ ಹೀಗಿರುವ ಭಾರತೀಯರು ಸುಮಾರು 7 ಲಕ್ಷ 25 ಸಾವಿರ. ಅಲ್ಲಿಯ ಸರಕಾರದ ಇಲಾಖೆಯೇ 2022ಕ್ಕೆ ಮಾಡಿದ ಅಂದಾಜು 2 ಲಕ್ಷ 20 ಸಾವಿರ. ಈ ಎರಡು ಲೆಕ್ಕಗಳ ನಡುವೆ ಐದು ಲಕ್ಷ ಮನುಷ್ಯರು ಬಿದ್ದುಹೋಗುತ್ತಾರೆಂದರೆ, ಲೆಕ್ಕಕ್ಕೆ ಸಿಗದ ಬಾಳು ಎಂಥದ್ದೆಂದು ಊಹಿಸಬಹುದು. 2025ರ ಫೆಬ್ರವರಿ 5ರಂದು 104 ಮಂದಿ ಭಾರತೀಯರನ್ನು ಸಂಕೋಲೆ ತೊಡಿಸಿ ಸೈನ್ಯದ ವಿಮಾನದಲ್ಲಿ ತಂದು ಅಮೃತಸರದಲ್ಲಿ ಇಳಿಸಿದ್ದನ್ನು ದೇಶವೆಲ್ಲ ನೋಡಿತು. ಎರಡನೆಯದು ಇನ್ನೂ ಹತ್ತಿರದ ಮಾತು. ಮಸ್ಟರ್ ರೋಲಿನಲ್ಲಿ ಹೆಸರಿಲ್ಲದವನ ಪಾಡೇನೆಂಬುದನ್ನು ನಮ್ಮ ಮಿಲ್ಲಿನ ಬಂಧುಗಳಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬದಲಿಯಾಗಿ ವರ್ಷಗಟ್ಟಲೆ ದುಡಿದು, ಕೆಲಸ ಹೋದ ದಿನ 'ನೀನು ಯಾರು?' ಎಂದು ಕೇಳಿಸಿಕೊಂಡವರು ನಮ್ಮಲ್ಲಿದ್ದಾರೆ. ಕಾಗದವಿಲ್ಲದ ವಿದ್ಯಾರ್ಥಿಯೂ ಇದೇ ಪ್ರಶ್ನೆಯನ್ನು ದಿನವೂ ಎದುರಿಸುತ್ತಾನೆ.

ಈ ವಿದ್ಯಾರ್ಥಿಗಳು ಯಾರು? ಹೆಚ್ಚಿನವರು ಚಿಕ್ಕಂದಿನಲ್ಲಿ ತಂದೆತಾಯಿಗಳ ಕೈಹಿಡಿದು ಗಡಿ ದಾಟಿದವರು, ಇಲ್ಲವೆ ವೀಸಾದ ಅವಧಿ ಮುಗಿದ ಮೇಲೂ ಅಲ್ಲೇ ಉಳಿದ ಕುಟುಂಬಗಳ ಮಕ್ಕಳು. ಅನೇಕರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದವರು. ಏಷ್ಯಾ, ಆಫ್ರಿಕದವರೂ ಉಂಟು. ಅವರು ಕಲಿತ ಭಾಷೆ, ಆಡಿದ ಬೀದಿ, ಬೆಳೆದ ಊರು ಎಲ್ಲವೂ ಅಮೆರಿಕದ್ದೇ. ತಂದೆ ತೋಟದಲ್ಲಿ ಹಣ್ಣು ಕೀಳುತ್ತಾನೆ, ಮಾಂಸದ ಕಾರ್ಖಾನೆಯಲ್ಲಿ ಕೊಯ್ಯುತ್ತಾನೆ, ಕಟ್ಟಡಕ್ಕೆ ಕಲ್ಲು ಹೊರುತ್ತಾನೆ. ತಾಯಿ ಪರರ ಮನೆಯಲ್ಲಿ ಕಸಮುಸುರೆ ಮಾಡುತ್ತಾಳೆ. ಉನ್ನತ ಶಿಕ್ಷಣದಲ್ಲಿರುವ ಇಂಥ ವಿದ್ಯಾರ್ಥಿಗಳ ಸಂಖ್ಯೆ ನಾಲ್ಕು ಲಕ್ಷಕ್ಕೂ ಹೆಚ್ಚೆಂದು ಅಲ್ಲಿಯ ಅಂದಾಜುಗಳು ಹೇಳುತ್ತವೆ.

ಇವರಿಗೆ ಶಾಲೆಯ ಬಾಗಿಲು ತಾನಾಗಿ ತೆರೆದದ್ದಲ್ಲ. 1975ರಲ್ಲಿ ಟೆಕ್ಸಾಸ್ ರಾಜ್ಯವು ಇಂಥ ಮಕ್ಕಳಿಗಾಗಿ ಶಾಲೆಗಳಿಗೆ ಸರಕಾರದ ಹಣ ಕೊಡುವುದಿಲ್ಲವೆಂದು ಕಾಯಿದೆ ಮಾಡಿತು. ಟೈಲರ್ ಎಂಬ ಊರಿನ ಶಾಲಾ ಮಂಡಳಿಯು 1977ರಲ್ಲಿ ಪ್ರತಿ ಮಗುವಿಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ಹೇರಿತು. ಗುಲಾಬಿ ತೋಟಗಳಲ್ಲೂ ಕಾರ್ಖಾನೆಗಳಲ್ಲೂ ದುಡಿಯುವ ಬಡವರು ಅಷ್ಟು ಹಣವನ್ನು ಎಲ್ಲಿಂದ ತಂದಾರು? ನಾಲ್ಕು ಕುಟುಂಬಗಳು ನ್ಯಾಯಾಲಯಕ್ಕೆ ಹೋದವು. ಅವರ ಗುರುತು ಬಯಲಾಗದಿರಲೆಂದು ನ್ಯಾಯಾಧೀಶರು ವಿಚಾರಣೆಯನ್ನು ನಸುಕಿನಲ್ಲೇ ಇಟ್ಟರು. ಅಲ್ಲಿಂದಲೇ ಹಿಡಿದು ಗಡೀಪಾರು ಮಾಡಿಯಾರೆಂಬ ಭಯದಿಂದ ಒಂದು ಕುಟುಂಬ ಮನೆಯ ಸಾಮಾನನ್ನೆಲ್ಲ ಕಾರಿನಲ್ಲಿ ತುಂಬಿಕೊಂಡೇ ಕೋರ್ಟಿಗೆ ಬಂದಿತ್ತು. ಆ ಮೊಕದ್ದಮೆ ಮೇಲೇರಿ, 1982ರ ಜೂನ್ 15ರಂದು ಅಮೆರಿಕದ ಸುಪ್ರೀಂ ಕೋರ್ಟು ನಾಲ್ವರ ವಿರುದ್ಧ ಐವರ ಬಹುಮತದಿಂದ ತೀರ್ಪು ಕೊಟ್ಟಿತು. ತಂದೆತಾಯಿಗಳ ನಡತೆಗಾಗಿ ಮಕ್ಕಳಿಗೆ ಶಾಲೆ ಮುಚ್ಚಕೂಡದು ಎಂಬುದು ಅದರ ಸಾರ. ಪ್ಲೈಲರ್ ತೀರ್ಪು ಎಂದು ಅದು ಹೆಸರಾಗಿದೆ.

ಆದರೆ ಆ ತೀರ್ಪು ಹನ್ನೆರಡನೆಯ ತರಗತಿಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಕಾಲೇಜಿನ ಮಾತನ್ನು ಅದು ಆಡಲಿಲ್ಲ. ಅಲ್ಲಿಂದ ಮುಂದಿನದೆಲ್ಲ ರಾಜ್ಯಕ್ಕೊಂದು ನ್ಯಾಯ. 2001ರಲ್ಲಿ ಮೊದಲು ಟೆಕ್ಸಾಸ್, ಆಮೇಲೆ ಕ್ಯಾಲಿಫೋರ್ನಿಯ, ತಮ್ಮಲ್ಲೇ ಹೈಸ್ಕೂಲು ಓದಿ ಮುಗಿಸಿದ ಇಂಥ ಮಕ್ಕಳಿಂದ ರಾಜ್ಯದ ನಿವಾಸಿಗಳಷ್ಟೇ ಶುಲ್ಕ ಪಡೆಯಲು ಒಪ್ಪಿದವು. ಹೊರಗಿನವರ ಶುಲ್ಕ ಅದರ ಎರಡು ಮೂರು ಪಟ್ಟು ಇರುವುದರಿಂದ ಇದು ಸಣ್ಣ ಮಾತಲ್ಲ. 2011ರಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ವಿದ್ಯಾರ್ಥಿವೇತನಕ್ಕೂ ಅವರು ಅರ್ಜಿ ಹಾಕಬಹುದೆಂದಿತು. ಇನ್ನೊಂದು ಕಡೆ ದಕ್ಷಿಣ ಕ್ಯಾರೊಲಿನ 2008ರಲ್ಲಿ, ಅಲಬಾಮ 2011ರಲ್ಲಿ ಸರಕಾರಿ ಕಾಲೇಜುಗಳ ಬಾಗಿಲನ್ನೇ ಹಾಕಿದವು. ಜಾರ್ಜಿಯ ರಾಜ್ಯ 2010ರಲ್ಲಿ ತನ್ನ ಮೇಲ್ದರ್ಜೆಯ ವಿದ್ಯಾಲಯಗಳಿಗೆ ಇವರು ಬರಕೂಡದೆಂದು ನಿಯಮ ಮಾಡಿದಾಗ, ಅಲ್ಲಿಯ ಕೆಲವು ಪ್ರಾಧ್ಯಾಪಕರು 2011ರಲ್ಲಿ 'ಫ್ರೀಡಂ ಯೂನಿವರ್ಸಿಟಿ' ಎಂಬ ಹೆಸರಿನಲ್ಲಿ ಸಂಬಳವಿಲ್ಲದೆ ಪಾಠ ಹೇಳಲು ಮೊದಲುಮಾಡಿದರು. ಒಕ್ಕೂಟ ಸರಕಾರದ ವಿದ್ಯಾರ್ಥಿವೇತನ ಮತ್ತು ಸಾಲವಂತೂ ಯಾವ ರಾಜ್ಯದಲ್ಲಿದ್ದರೂ ಇವರಿಗಿಲ್ಲ.

ಇಷ್ಟು ತೊಡಕಿನ ಕಾನೂನಿನ ಕಾಡಿನಲ್ಲಿ ಹದಿನೆಂಟು ವರ್ಷದ ಕೂಲಿಕಾರನ ಮಗ ಒಬ್ಬನೇ ದಾರಿ ಹುಡುಕಬೇಕು. ಮನೆಯಲ್ಲಿ ಕಾಲೇಜು ಕಂಡವರಿಲ್ಲ. ಅರ್ಜಿಯಲ್ಲಿ ಸಾಮಾಜಿಕ ಭದ್ರತಾ ಸಂಖ್ಯೆ ಬರೆಯಿರಿ ಎಂಬ ಅಂಕಣ ಬಂದೊಡನೆ ಕೈ ನಿಲ್ಲುತ್ತದೆ. ಕೌಂಟರಿನ ಗುಮಾಸ್ತನಿಗೆ ಕಾಯಿದೆ ಗೊತ್ತಿರುವುದಿಲ್ಲ. 'ಸಂಖ್ಯೆ ಇಲ್ಲದಿದ್ದರೆ ಅರ್ಜಿ ನಡೆಯುವುದಿಲ್ಲ' ಎಂದು ಅವನು ಹೇಳಿದರೆ ಅದೇ ಕಾನೂನಾಗುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಅಮೆರಿಕದಲ್ಲೂ ಸುಳ್ಳಾಗಿಲ್ಲ. ಶಾಸನಸಭೆ ಕೊಟ್ಟ ರಿಯಾಯಿತಿ ಗುಮಾಸ್ತನ ಮೇಜಿನ ಮೇಲೆ ಸಾಯುತ್ತದೆ. ಹುಡುಗ ಮರುಮಾತಾಡದೆ ಹಿಂದಿರುಗುತ್ತಾನೆ, ಏಕೆಂದರೆ ಗಟ್ಟಿಯಾಗಿ ಕೇಳಿದರೆ ತನ್ನ ಗುಟ್ಟು ಹೊರಬೀಳುತ್ತದೆ. ನೆರವಿನ ಕೇಂದ್ರ ಬೇಕಾಗಿರುವುದು ಇಲ್ಲಿ. ಕಾನೂನಿನಲ್ಲಿ ಬರೆದದ್ದನ್ನು ಕೈಗೆ ತಲುಪಿಸುವ ಕೆಲಸ ಅದರದು. ಯಾವ ಅರ್ಜಿ ತುಂಬಬೇಕು, ಯಾವುದನ್ನು ತುಂಬಕೂಡದು, ಯಾವ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗಿಲ್ಲ, ಮನೆಗೆ ಅಧಿಕಾರಿ ಬಂದರೆ ಬಾಗಿಲು ತೆರೆಯುವ ಮೊದಲು ಏನು ಕೇಳಬೇಕು ಎಂಬುದನ್ನು ತಿಳಿದವರೊಬ್ಬರು ಹೇಳಿಕೊಡಬೇಕು.

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ 2012ರಲ್ಲಿ ಇಂಥ ವಿದ್ಯಾರ್ಥಿಗಳಿಗಾಗಿಯೇ ಒಂದು ಕಾರ್ಯಕ್ರಮ ಆರಂಭವಾಯಿತು. ಓದಿನ ಸಲಹೆ, ಹಣದ ನೆರವು, ವಕೀಲರ ಸಲಹೆ, ಮನಸ್ಸು ಕುಗ್ಗಿದವರಿಗೆ ಸಾಂತ್ವನ, ಎಲ್ಲವೂ ಒಂದೇ ಕಡೆ ಸಿಗುವಂತೆ ಮಾಡಿದರು. 2014ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ವಿಶ್ವವಿದ್ಯಾಲಯದ ಫುಲರ್ಟನ್ ಕೇಂದ್ರದಲ್ಲಿ ಇನ್ನೊಂದು ಕೇಂದ್ರ ತೆರೆಯಿತು. ಕಾಗದವಿಲ್ಲದೆ ಬೆಳೆದು ಮುಂದೆ ಶಾಸಕಿಯಾದ ಬ್ಲಾಂಕ ರೂಬಿಯೊ ಅವರು ತಂದ ಮಸೂದೆ 2019ರಲ್ಲಿ ಕಾಯಿದೆಯಾಗಿ, ಕ್ಯಾಲಿಫೋರ್ನಿಯದ ಸಮುದಾಯ ಕಾಲೇಜುಗಳೂ ರಾಜ್ಯ ವಿಶ್ವವಿದ್ಯಾಲಯದ ಕೇಂದ್ರಗಳೂ ಈ ಕೆಲಸಕ್ಕೆ ಒಬ್ಬೊಬ್ಬ ನೌಕರರನ್ನು ಗೊತ್ತುಪಡಿಸಲೇಬೇಕೆಂದಾಯಿತು. ಇವೆಲ್ಲವೂ ಮೇಲಿನವರ ಕರುಣೆಯಿಂದ ಉದುರಿದವು ಎಂದು ಯಾರೂ ಭಾವಿಸಬಾರದು. ವಿದ್ಯಾರ್ಥಿಗಳು ತಮ್ಮ ಹೆಸರು ಹೇಳಿಕೊಂಡು ಬೀದಿಗೆ ಬಂದರು, ಕಚೇರಿಗಳಲ್ಲಿ ಧರಣಿ ಕೂತರು, ಗಡೀಪಾರಿನ ಅಪಾಯವನ್ನು ಮೈಮೇಲೆ ಎಳೆದುಕೊಂಡರು. ಕೋಣೆ ಬಂದದ್ದು ಆ ಮೇಲೆ.

ಮೇಲಿನವರ ಕರುಣೆ ಎಷ್ಟು ದಿನದ್ದು ಎಂಬುದಕ್ಕೆ ಒಂದು ನಿದರ್ಶನ ಸಾಕು. ಈ ಯುವಕರಿಗೆ ನೆಲೆ ಕೊಡುವ 'ಡ್ರೀಮ್' ಮಸೂದೆ ಅಮೆರಿಕದ ಪಾರ್ಲಿಮೆಂಟಿನ ಮುಂದೆ ಮೊದಲು ಬಂದದ್ದು 2001ರಲ್ಲಿ. 2010ರಲ್ಲಿ ಕೆಳಮನೆಯಲ್ಲಿ ಗೆದ್ದು, ಸೆನೆಟ್ಟಿನಲ್ಲಿ 60 ಮತ ಬೇಕಾದೆಡೆ 55 ಮಾತ್ರ ಬಂದು ಬಿದ್ದುಹೋಯಿತು. ಆಗ ಒಬಾಮ ಸರಕಾರ 2012ರ ಜೂನ್ 15ರಂದು ಆಡಳಿತದ ಆಜ್ಞೆಯಿಂದಲೇ ಒಂದು ತಾತ್ಕಾಲಿಕ ರಕ್ಷಣೆ ಕೊಟ್ಟಿತು. 'ಡಾಕ' ಎಂಬ ಹೆಸರಿನ ಆ ಏರ್ಪಾಡಿನಿಂದ ಎರಡೆರಡು ವರ್ಷಗಳಿಗೆ ಗಡೀಪಾರಿನ ಭಯ ತಪ್ಪಿತು, ಕೆಲಸ ಮಾಡುವ ಪರವಾನಗಿ ಸಿಕ್ಕಿತು. ಸುಮಾರು ಎಂಟು ಲಕ್ಷ ಯುವಕರು ಇದರಿಂದ ಉಸಿರಾಡಿದರು. ಆದರೆ ಅದೇ ವರ್ಷ ಅದೇ ಇಲಾಖೆ ಸುಮಾರು ನಾಲ್ಕು ಲಕ್ಷ ಜನರನ್ನು ದೇಶದಿಂದ ಹೊರಹಾಕಿತ್ತು. ಮಗನಿಗೆ ಪರವಾನಗಿ, ತಂದೆಗೆ ಗಡೀಪಾರು! 2017ರಲ್ಲಿ ಟ್ರಂಪ್ ಸರಕಾರ ಆ ಆಜ್ಞೆಯನ್ನೇ ರದ್ದುಮಾಡಹೊರಟಿತು. 2020ರ ಜೂನ್ 18ರಂದು ಸುಪ್ರೀಂ ಕೋರ್ಟು ಆ ಕ್ರಮವನ್ನು ತಳ್ಳಿಹಾಕಿದರೂ, 2021ರ ಜುಲೈಯಲ್ಲಿ ಟೆಕ್ಸಾಸಿನ ಒಂದು ನ್ಯಾಯಾಲಯ ಹೊಸ ಅರ್ಜಿಗಳ ಮಂಜೂರಾತಿಗೆ ತಡೆ ಹಾಕಿತು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. 2007ರ ಜೂನ್ 15ಕ್ಕೆ ಮೊದಲು ಅಮೆರಿಕಕ್ಕೆ ಬಂದವರಿಗೆ ಮಾತ್ರ ಈ ರಕ್ಷಣೆ ಎಂದು ಆಜ್ಞೆಯಲ್ಲೇ ಬರೆದಿದೆ. ಈಗ ಹದಿನೆಂಟು ತುಂಬಿ ಕಾಲೇಜಿಗೆ ಕಾಲಿಡುವ ಹುಡುಗ ಅಂದು ಹುಟ್ಟಿಯೇ ಇರಲಿಲ್ಲ. ಎಂದರೆ, ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಆ ತಾತ್ಕಾಲಿಕ ಕೊಡೆಯೂ ಇಲ್ಲ. ಪರವಾನಗಿ ಇಲ್ಲವಾದ್ದರಿಂದ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿ ನಾಲ್ಕು ಕಾಸು ಸಂಪಾದಿಸುವಂತೆಯೂ ಇಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ನಮ್ಮನ್ನು ಕೆಲಸಕ್ಕಾದರೂ ತೆಗೆದುಕೊಳ್ಳಿ' ಎಂದು ಚಳವಳಿ ಹೂಡಿದಾಗ, ಆಡಳಿತ ಮಂಡಳಿ 2024ರ ಜನವರಿಯಲ್ಲಿ ಆ ವಿಷಯವನ್ನು ಒಂದು ವರ್ಷ ಮುಂದಕ್ಕೆ ಹಾಕಿ ಕೈತೊಳೆದುಕೊಂಡಿತು. ಹಿಂದೆಂದಿಗಿಂತ ಹೆಚ್ಚು ನೆರವು ಬೇಕಾದ ಹೊತ್ತಿನಲ್ಲಿ ನೆರವು ಕಡಿಮೆಯಾಗುತ್ತಿದೆ.

ಇನ್ನು ವಿರೋಧಿಗಳ ವಾದವನ್ನು ನೋಡೋಣ. 'ಕಾನೂನು ಮುರಿದವರಿಗೆ ಸನ್ಮಾನವೇ?' ಎಂಬುದು ಮೊದಲನೆಯದು. ಮೂರು ವರ್ಷದ ಕೂಸು ಯಾವ ಕಾನೂನನ್ನು ಮುರಿಯಿತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ನ್ಯಾಯವನ್ನು 1982ರಲ್ಲೇ ಅವರ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಹನ್ನೆರಡು ವರ್ಷ ಅದೇ ಮಗುವಿಗೆ ಸಾರ್ವಜನಿಕರ ಹಣದಿಂದ ಓದಿಸಿ, ಹದಿಮೂರನೆಯ ವರ್ಷ ಬಾಗಿಲಲ್ಲಿ ನಿಲ್ಲಿಸುವುದು ಜಾಣತನವೂ ಅಲ್ಲ. ಬೆಳೆ ಕೊಯ್ಲಿಗೆ ಬಂದಾಗ ಹೊಲಕ್ಕೆ ಬೆಂಕಿ ಇಡುವ ರೈತ ಎಲ್ಲಾದರೂ ಉಂಟೇ?

'ನಮ್ಮ ತೆರಿಗೆ ಹಣ ಪರರ ಮಕ್ಕಳಿಗೇಕೆ?' ಎಂಬುದು ಎರಡನೆಯದು. ಅಂಗಡಿಯಲ್ಲಿ ಕೂತು ತೆರಿಗೆ ಕಟ್ಟುವ ನಮ್ಮ ವ್ಯಾಪಾರಿ ಬಂಧುಗಳಿಗೆ ಈ ವಾದ ಮೊದಲ ನೋಟಕ್ಕೆ ಸರಿಯೆನಿಸಬಹುದು. ಆದರೆ ಕಾಗದವಿಲ್ಲದವರೂ ತೆರಿಗೆ ಕಟ್ಟುತ್ತಾರೆ. ಕೊಂಡ ಪ್ರತಿ ವಸ್ತುವಿನ ಮೇಲೆ, ಬಾಡಿಗೆಯ ಮೂಲಕ ಮನೆಯ ಮೇಲೆ, ಬಹಳ ಮಂದಿ ಕೂಲಿಯ ಮೇಲೆ ಕೂಡ. 2022ರಲ್ಲಿ ಅವರು ಕಟ್ಟಿದ ತೆರಿಗೆ ಒಟ್ಟು 9,670 ಕೋಟಿ ಡಾಲರೆಂದು ಅಲ್ಲಿಯ ತೆರಿಗೆ ಅಧ್ಯಯನ ಸಂಸ್ಥೆಯೊಂದು ಲೆಕ್ಕ ಹಾಕಿದೆ. ಮುಪ್ಪಿನ ಪಿಂಚಣಿಗೆಂದು ಕೂಲಿಯಿಂದ ಹಿಡಿದ ಹಣವೂ ಇದರಲ್ಲಿ ಸೇರಿದೆ. ಆ ಪಿಂಚಣಿ ಮಾತ್ರ ಅವರ ಕೈಗೆ ಬರುವುದಿಲ್ಲ. ಯಾರು ಯಾರ ಹಣವನ್ನು ತಿನ್ನುತ್ತಿದ್ದಾರೆ ಎಂದು ಓದುಗರೇ ತೀರ್ಮಾನಿಸಲಿ.

ಮೂರನೆಯದು ಅಲ್ಲಿಯ ಕಾರ್ಮಿಕನ ಬಾಯಿಂದಲೇ ಬರುವ ಮಾತು: 'ಇವರು ಬಂದು ನಮ್ಮ ಕೂಲಿ ಇಳಿಸುತ್ತಾರೆ.' ಇದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಕೂಲಿ ಇಳಿಯುವುದುಂಟು. ಆದರೆ ಇಳಿಸುವವನು ಯಾರು? 1986ರ ಕಾಯಿದೆಯಂತೆ ಕಾಗದವಿಲ್ಲದವನನ್ನು ಕೆಲಸಕ್ಕಿಟ್ಟುಕೊಳ್ಳುವುದು ಮಾಲಿಕನ ಅಪರಾಧ. ನಡೆದದ್ದೇನೆಂದರೆ, ಮಾಲಿಕ ಇಟ್ಟುಕೊಳ್ಳುತ್ತಲೇ ಹೋದ, ಆ ಕಾಯಿದೆ ಕೆಲಸಗಾರನ ಕೊರಳಿಗೆ ಕುಣಿಕೆಯಾಯಿತು. 2002ರಲ್ಲಿ ಹಾಫ್‌ಮನ್ ಪ್ಲಾಸ್ಟಿಕ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಏನು ಹೇಳಿತು ಎಂಬುದನ್ನು ನಮ್ಮ ಯೂನಿಯನ್ ಬಂಧುಗಳು ಕೇಳಬೇಕು. ಸಂಘ ಕಟ್ಟಲು ಹೋದದ್ದಕ್ಕೆ ಕೆಲಸದಿಂದ ತೆಗೆದರೂ, ಕೆಲಸಗಾರನಲ್ಲಿ ಕಾಗದವಿಲ್ಲದಿದ್ದರೆ ಮಾಲಿಕ ಅವನಿಗೆ ಬಾಕಿ ಸಂಬಳ ಕೊಡಬೇಕಾಗಿಲ್ಲವಂತೆ! ಇದಕ್ಕಿಂತ ಒಳ್ಳೆಯ ಉಡುಗೊರೆಯನ್ನು ಬಂಡವಾಳಗಾರ ಕೇಳಿಯಾನೇ? ಹೆದರಿದ ಕೆಲಸಗಾರ ಪಕ್ಕದಲ್ಲಿರುವ ತನಕ ಕಾಗದ ಇರುವ ಕೆಲಸಗಾರನ ಕೂಲಿಯೂ ಏರುವುದಿಲ್ಲ. 1986ರ ಕಾಯಿದೆಗೆ ಬೆಂಬಲ ಕೊಟ್ಟಿದ್ದ ಅಮೆರಿಕದ ಕಾರ್ಮಿಕ ಸಂಘಗಳ ಮಹಾಮಂಡಲವೇ 2000ದಲ್ಲಿ ತನ್ನ ನಿಲುವು ಬದಲಿಸಿ, ಇವರಿಗೆ ನೆಲೆ ಕೊಡಿ, ಮಾಲಿಕರ ಮೇಲಿನ ದಂಡನೆಯ ಹೆಸರಿನ ಆ ಏರ್ಪಾಡನ್ನು ತೆಗೆಯಿರಿ ಎಂದು ಕೇಳಿತು. ಅನುಭವ ಕಲಿಸಿದ ಪಾಠವದು. ಇಂಥ ಕೆಲಸಗಾರನ ಮಗಳು ಓದಿ, ತನ್ನ ಹಕ್ಕು ತಿಳಿದು, ತಂದೆಗೂ ತಿಳಿಹೇಳಿದರೆ ಹೆದರಬೇಕಾದವನು ಮಾಲಿಕ, ಜೊತೆಯ ಕಾರ್ಮಿಕನಲ್ಲ.

ವಿರೋಧಿಗಳಿಂದ ಬಂದ ವಾದಗಳಿವು. ಮಿತ್ರರ ಅಂಜಿಕೆಯೂ ಒಂದಿದೆ, ಅದು ಹೆಚ್ಚು ತೂಕದ್ದು. 'ಇಂಥ ಕೋಣೆಗೆ ಫಲಕ ಹಾಕಿದರೆ ಒಳಗೆ ಹೋಗುವವನ ಗುರುತು ಸಿಕ್ಕಂತಾಯಿತಲ್ಲ? ನೆರವಿನ ಹೆಸರಿನಲ್ಲಿ ಹಿಡಿಯುವವರಿಗೆ ಪಟ್ಟಿ ಮಾಡಿಕೊಟ್ಟಂತಾಗದೇ?' ಈ ಅಂಜಿಕೆಗೆ ಆಧಾರವಿದೆ. ಶಾಲೆ, ಆಸ್ಪತ್ರೆ, ಪ್ರಾರ್ಥನಾಮಂದಿರಗಳಲ್ಲಿ ಹಿಡಿಯುವ ಕಾರ್ಯಾಚರಣೆ ಸಾಮಾನ್ಯವಾಗಿ ಬೇಡವೆಂದು ಮೊದಲಿದ್ದ ಸೂಚನೆಯನ್ನು 2025ರ ಜನವರಿಯಲ್ಲಿ ತೆಗೆದುಹಾಕಿದರು. ವಿದ್ಯಾರ್ಥಿಗಳ ದಾಖಲೆಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಕೊಡಬಾರದೆಂಬ 1974ರ ಕಾಯಿದೆ ಇದೆ ನಿಜ. ಆದರೆ ನ್ಯಾಯಾಲಯದ ಆಜ್ಞೆ ಬಂದರೆ ಆ ಬೀಗ ತೆರೆಯುತ್ತದೆ. ಆದ್ದರಿಂದ ಕೋಣೆ ಬೇಡ ಎನ್ನೋಣವೇ? ಕೋಣೆ ಇಲ್ಲದಿದ್ದರೆ ಆ ಹುಡುಗ ಪ್ರತಿ ಕೌಂಟರಿನಲ್ಲೂ ಪ್ರತಿ ಗುಮಾಸ್ತನಿಗೂ ತನ್ನ ಕತೆ ಹೇಳಬೇಕು. ಹತ್ತು ಕಡೆ ಬಿಚ್ಚಿಡುವುದಕ್ಕಿಂತ ನಂಬಿದ ಒಂದು ಕಡೆ ಹೇಳುವುದು ಲೇಸು. ಆದರೆ ಆ ಒಂದು ಕಡೆ ನಂಬಿಕೆಗೆ ತಕ್ಕುದಾಗಿರಬೇಕು.

ಅದಕ್ಕಾಗಿ ನಾವು ಹೇಳುವುದಿಷ್ಟು. ಒಂದು, ಅಲ್ಲಿ ಯಾರ ಕಾಗದದ ಸ್ಥಿತಿಯನ್ನೂ ಬರೆದಿಡಕೂಡದು. ಬರೆಯದೇ ಇದ್ದದ್ದನ್ನು ಯಾವ ನ್ಯಾಯಾಲಯವೂ ತರಿಸಿಕೊಳ್ಳಲಾರದು. ಎರಡು, ಬಾಗಿಲು ಎಲ್ಲರಿಗೂ ತೆರೆದಿರಬೇಕು. ಪುಸ್ತಕ ಕೇಳಲು, ಓದಿಕೊಳ್ಳಲು, ಊಟದ ಡಬ್ಬಿ ಬಿಚ್ಚಲು ನಾನಾ ವಿದ್ಯಾರ್ಥಿಗಳು ಬಂದುಹೋಗುತ್ತಿದ್ದರೆ ಯಾರು ಯಾತಕ್ಕೆ ಬಂದರೆಂದು ತಿಳಿಯುವುದಿಲ್ಲ. ಮೂರು, ವೆಚ್ಚ ಕಾಲೇಜಿನ ಆಯವ್ಯಯದಲ್ಲೇ ಸೇರಿರಬೇಕು, ನೌಕರಿ ಕಾಯಂ ಆಗಿರಬೇಕು. ಬರ್ಕ್ಲಿಗೆ 2012ರಲ್ಲಿ ಒಂದು ದತ್ತಿನಿಧಿ ಹತ್ತು ಲಕ್ಷ ಡಾಲರನ್ನು ಇಂಥ ವಿದ್ಯಾರ್ಥಿಗಳಿಗೆಂದು ಕೊಟ್ಟದ್ದು ಒಳ್ಳೆಯದೇ. ಆದರೆ ದಾನಿಯ ಮನಸ್ಸು ಗಾಳಿಯಂತೆ ತಿರುಗುವುದುಂಟು. ನಾಲ್ಕು, ವಕೀಲನು ವಿದ್ಯಾರ್ಥಿಯ ಪರವಾಗಿ ನಿಲ್ಲುವವನಾಗಿರಬೇಕು, ಕಾಲೇಜಿನ ಮಾನ ಕಾಯುವವನಲ್ಲ. ತಂದೆತಾಯಿಗಳಿಗೂ ಅವನ ಸಲಹೆ ಸಿಗಬೇಕು. ಐದು, ಕೋಣೆಯೊಂದನ್ನು ಕೊಟ್ಟು ಉಳಿದ ಕಚೇರಿಗಳು ಕೈಕಟ್ಟಿ ಕೂರಬಾರದು. ಶುಲ್ಕದ ಗುಮಾಸ್ತ, ವಸತಿನಿಲಯದ ಮೇಲ್ವಿಚಾರಕ, ಬಾಗಿಲ ಕಾವಲುಗಾರ, ಎಲ್ಲರಿಗೂ ಕಾಯಿದೆ ತಿಳಿಸಿಕೊಡಬೇಕು. ವಾರಂಟು ಇಲ್ಲದೆ ಬಂದವನಿಗೆ ಏನು ಹೇಳಬೇಕೆಂಬುದು ಕಾವಲುಗಾರನಿಗೆ ಗೊತ್ತಿಲ್ಲದಿದ್ದರೆ ವಕೀಲನಿದ್ದೂ ಪ್ರಯೋಜನವಿಲ್ಲ.

ನಮ್ಮ ನಾಡಿನ ಮಧ್ಯಮವರ್ಗದವರಿಗೂ ಇಲ್ಲಿ ಒಂದು ಮಾತು. 'ನಮ್ಮ ಹುಡುಗರು ಕಾಗದ ಸರಿಯಿಟ್ಟುಕೊಂಡೇ ಹೋದವರು, ನಮಗೂ ಅವರಿಗೂ ಏನು ಸಂಬಂಧ?' ಎನ್ನುವವರನ್ನು ನಾವು ಬಲ್ಲೆವು. ಬೆಂಗಳೂರಿನಿಂದ, ಮೈಸೂರಿನಿಂದ ಎಚ್-1ಬಿ ವೀಸಾ ಹಿಡಿದು ಹೋದ ಎಂಜಿನಿಯರರ ಮಕ್ಕಳ ಗತಿಯನ್ನು ಅವರು ವಿಚಾರಿಸಲಿ. ಶಾಶ್ವತ ನಿವಾಸದ ಚೀಟಿಗಳಲ್ಲಿ ಯಾವ ಒಂದು ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಪಾಲಿಲ್ಲವೆಂಬ ನಿಯಮದಿಂದ ಭಾರತೀಯರ ಸಾಲು ದಶಕಗಟ್ಟಲೆ ಉದ್ದವಾಗಿದೆ. ಅಷ್ಟರಲ್ಲಿ ಮಗುವಿಗೆ ಇಪ್ಪತ್ತೊಂದು ತುಂಬಿದರೆ ತಂದೆಯ ವೀಸಾದ ನೆರಳು ತಪ್ಪುತ್ತದೆ. ತಾನೇ ಬೇರೆ ವೀಸಾ ಹುಡುಕಬೇಕು, ಇಲ್ಲವೆ ಹುಟ್ಟಿದ ದೇಶವೆಂದು ಹೆಸರು ಮಾತ್ರ ಕೇಳಿದ ಊರಿಗೆ ಹಿಂದಿರುಗಬೇಕು. ಹೀಗೆ ವೀಸಾವನ್ನು ನಂಬಿ ಬೆಳೆದ ಮಕ್ಕಳು ಎರಡು ಲಕ್ಷಕ್ಕೂ ಹೆಚ್ಚು, ಅವರಲ್ಲಿ ಭಾರತೀಯರದೇ ದೊಡ್ಡ ಪಾಲು. ಕಾಗದ ಇದ್ದವನಿಗೂ ಇಲ್ಲದವನಿಗೂ ನಡುವೆ ಇರುವುದು ಒಂದು ಹುಟ್ಟುಹಬ್ಬ ಮಾತ್ರ ಎಂದು ಈ ಮಕ್ಕಳು ಕಲಿತಿದ್ದಾರೆ. ಅಂಥ ದಿನ ಬಂದಾಗ ಅವರೂ ದಾರಿ ಕೇಳಿಕೊಂಡು ಹೋಗಬೇಕಾದದ್ದು ಇದೇ ಕೋಣೆಗೆ.

ಈಗಿನ ಗಾಳಿ ಎತ್ತ ಬೀಸುತ್ತಿದೆ ಎಂಬುದೂ ಓದುಗರಿಗೆ ತಿಳಿದಿರಬೇಕು. ಫ್ಲಾರಿಡ ರಾಜ್ಯ 2014ರಲ್ಲಿ ಕೊಟ್ಟ ಶುಲ್ಕದ ಸೌಲಭ್ಯವನ್ನು 2025ರ ಜುಲೈ 1ರಿಂದ ಕಿತ್ತುಕೊಂಡಿತು. ದಾರಿ ತೋರಿಸಿದ ಟೆಕ್ಸಾಸಿನಲ್ಲಿ ನಡೆದದ್ದು ಇನ್ನೂ ವಿಚಿತ್ರ. 2025ರ ಜೂನ್ 4ರಂದು ಒಕ್ಕೂಟ ಸರಕಾರ ಆ ರಾಜ್ಯದ ಮೇಲೆ ಮೊಕದ್ದಮೆ ಹೂಡಿತು, ರಾಜ್ಯ ಸರಕಾರ ಅಂದೇ ಸೋಲೊಪ್ಪಿತು, ಅಂದೇ ನ್ಯಾಯಾಧೀಶರ ಆಜ್ಞೆಯೂ ಹೊರಬಿತ್ತು. ಇಪ್ಪತ್ತನಾಲ್ಕು ವರ್ಷ ನಡೆದ ಕಾಯಿದೆ ಒಂದೇ ಹಗಲಿನಲ್ಲಿ ಮಣ್ಣಾಯಿತು. ವಾದಿಯೂ ಪ್ರತಿವಾದಿಯೂ ಒಂದೇ ಕಡೆ ನಿಂತ ಆ ಮೊಕದ್ದಮೆಯಲ್ಲಿ ವಿದ್ಯಾರ್ಥಿಯ ಪರವಾಗಿ ಮಾತಾಡುವವರು ಯಾರಿದ್ದರು? ಕೆಂಟಕಿ, ಮಿನ್ನೆಸೋಟ ಮುಂತಾದ ರಾಜ್ಯಗಳ ಮೇಲೂ ಅದೇ ವರ್ಷ ಇಂಥ ಮೊಕದ್ದಮೆಗಳು ಬಂದವು. ಹೀಗೆ ಕಾಯಿದೆ ತಿಂಗಳಿಗೊಮ್ಮೆ ತಿರುಗುವಾಗ ವಿದ್ಯಾರ್ಥಿಗೆ ಸರಿಯಾದ ಸುದ್ದಿ ಹೇಳುವ ಜಾಗವೂ ಇಲ್ಲದಿದ್ದರೆ, ಅವನು ಗಾಳಿಮಾತು ನಂಬಿ ಓದು ಬಿಡುತ್ತಾನೆ. ಕಾಲೇಜುಗಳು ಹೆದರಿ ಕೋಣೆಯ ಫಲಕ ಬದಲಿಸಿದರೆ ಬದಲಿಸಲಿ, ಕೋಣೆಯನ್ನು ಮುಚ್ಚಬಾರದು.

ನೆರವಿನ ಕೇಂದ್ರವೇ ಪರಿಹಾರ ಎಂದು ನಾವು ಹೇಳುತ್ತಿಲ್ಲ. ಪರಿಹಾರ ಇರುವುದು ಅಲ್ಲಿ ಬೆಳೆದವರಿಗೆಲ್ಲ ಅಲ್ಲಿ ಬಾಳುವ ಹಕ್ಕನ್ನು ಕಾನೂನು ಕೊಡುವುದರಲ್ಲಿ. ಅದಕ್ಕೆ 2001ರಿಂದ ಕಾಯುತ್ತಿದ್ದಾರೆ, ಇನ್ನೂ ಎಷ್ಟು ಕಾಯಬೇಕೋ. ಅಲ್ಲಿಯವರೆಗೆ ಪ್ರತಿ ವರ್ಷ ಹೊಸ ಹುಡುಗರು ಹೈಸ್ಕೂಲು ಮುಗಿಸಿ ಬರುತ್ತಲೇ ಇರುತ್ತಾರೆ. ಅವರ ಪ್ರಾಯ ಯಾವ ಪಾರ್ಲಿಮೆಂಟಿಗಾಗಿಯೂ ನಿಲ್ಲುವುದಿಲ್ಲ. ನಮ್ಮ ಓದುಗರಲ್ಲಿ ಮಗನನ್ನೋ ಮಗಳನ್ನೋ ಆ ದೇಶಕ್ಕೆ ಕಳಿಸಿದವರು ಅನೇಕರಿದ್ದಾರೆ. ಅಲ್ಲಿಯ ಕಾಲೇಜುಗಳಲ್ಲಿ ಓದಿದ, ಪಾಠ ಹೇಳುವ, ದೇಣಿಗೆ ಕೊಡುವ ಕನ್ನಡಿಗರೂ ಇದ್ದಾರೆ. ನಿಮ್ಮ ಕಾಲೇಜಿನಲ್ಲಿ ಇಂಥ ಕೋಣೆ ಇದೆಯೇ, ಅದಕ್ಕೆ ಕಾಯಂ ನೌಕರನಿದ್ದಾನೆಯೇ, ವಕೀಲ ಬರುತ್ತಾನೆಯೇ ಎಂದು ಅವರನ್ನು ಕೇಳಿ. ಇಲ್ಲವಾದರೆ ಆಡಳಿತ ಮಂಡಳಿಗೆ ಪತ್ರ ಬರೆಯಲು ಹೇಳಿ. ಪೌರತ್ವದ ಕಾಗದ ಕೈಯಲ್ಲಿರುವವನು ಪತ್ರಕ್ಕೆ ಸಹಿ ಹಾಕಿದರೆ ಅವನಿಗೆ ಅಪಾಯವೇನೂ ಇಲ್ಲ. ಅಪಾಯ ಇರುವವರು ಆಗಲೇ ಸಹಿ ಹಾಕಿದ್ದಾರೆ.